ಎಂಟನೆಯ ಅಚ್ಚು

ನಾನು ಕಾಗದ ರಿಪೇರಿ ಮಾಡುವವಳು. ಹೀಗೆಂದರೆ ಕೆಲವರು ಪುಸ್ತಕಕ್ಕೆ ರಟ್ಟು ಹಾಕುವವಳು ಅಂದುಕೊಳ್ಳುತ್ತಾರೆ, ಕೆಲವರು ಹಳೇ ಪೇಪರ್ ಕೊಳ್ಳುವವಳು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಕಲಾ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ನನ್ನದೊಂದು ಕೋಣೆಯಿದೆ. ಉದ್ದನೆಯ ಮೇಜು, ಎರಡು ನೀರಿನ ತೊಟ್ಟಿ, ಬ್ಲಾಟಿಂಗ್ ಪೇಪರಿನ ಕಟ್ಟುಗಳು, ಹತ್ತಾರು ಕುಂಚ. ಹುಳ ತಿಂದ ನಕ್ಷೆಗಳೂ ನೀರು ಬಿದ್ದ ಪತ್ರಗಳೂ ಯಾರೋ ತಿಳಿಗೇಡಿಗಳು ಗೋಂದು ಮೆತ್ತಿ ಹಾಳು ಮಾಡಿದ ಚಿತ್ರಗಳೂ ಅಲ್ಲಿಗೆ ಬರುತ್ತವೆ. ಆ ತಿಳಿಗೇಡಿಗಳನ್ನು ಬೈಯುತ್ತ ಕೆಲಸ ಮಾಡುತ್ತೇನೆ. ಬೈಯದಿದ್ದರೆ ನನಗೆ ಕೈ ಓಡುವುದಿಲ್ಲ.

ನನಗಿಂತ ಮುಂಚೆ ಆ ಕೋಣೆ ಅಮ್ಮನದು. ಇಪ್ಪತ್ತೊಂಬತ್ತು ವರ್ಷ ಅದೇ ಮೇಜಿನ ಮುಂದೆ ಬಗ್ಗಿ ಬಗ್ಗಿ ಬೆನ್ನು ಬಾಗಿಸಿಕೊಂಡಳು, ನನಗೆ ಕೆಲಸ ಕಲಿಸಿದಳು, ಕೊನೆಯ ದಿನ ಕುಂಚಗಳನ್ನು ತೊಳೆದು ಒಣಗಲು ನಿಲ್ಲಿಸಿ ಮನೆಗೆ ಹೋದಳು. ಅವಳ ಕೈಯಲ್ಲಿ ಒಂದೇ ಒಂದು ಚಿತ್ರ ಕೆಟ್ಟಿದ್ದಿಲ್ಲ. ಇದು ನಾನು ಹೇಳುವ ಮಾತಲ್ಲ, ಸಂಗ್ರಹಾಲಯದಲ್ಲಿ ಎಲ್ಲರೂ ಹೇಳುವ ಮಾತು. ನಾನು ಏನೇ ಮಾಡಲಿ, "ನಿಮ್ಮಮ್ಮ ಆಗಿದ್ರೆ" ಎಂದು ರಾಗ ತೆಗೆಯುವ ಹಳಬರು ಇನ್ನೂ ಇದ್ದಾರೆ. ಅವರಲ್ಲಿ ಬೀಗದಣ್ಣ ಮೊದಲನೆಯವನು. ಚಿತ್ರಗಳ ಕಪಾಟಿನ ಬೀಗದಕೈಗಳೆಲ್ಲ ಅವನ ಸೊಂಟದಲ್ಲಿರುವುದರಿಂದ ಆ ಹೆಸರು. ಮುಂದಿನ ವರ್ಷ ನಿವೃತ್ತಿಯಾಗುತ್ತಾನೆ, ಬೀಗದಕೈಗಳನ್ನು ಬಿಟ್ಟುಕೊಡುತ್ತಾನೋ ಇಲ್ಲವೋ ಕಾಣೆ.

ಈಗ ನಾನು ಹೇಳಹೊರಟ ಚಿತ್ರ ಮೂರನೇ ಕಪಾಟಿನಲ್ಲಿತ್ತು. ಬಣ್ಣದ ಮರದಚ್ಚಿನ ಚಿತ್ರ. ನೂರು ವರ್ಷಕ್ಕೂ ಹಿಂದೆ ಒಬ್ಬ ಫ್ರೆಂಚ್ ಕಲಾವಿದ ತಾನೇ ಕೆತ್ತಿ ತಾನೇ ಒತ್ತಿ ತೆಗೆದದ್ದು. ಇಂಥ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ, ಅದನ್ನೇ ಅಚ್ಚು ಅನ್ನುವುದು. ಆ ಬಣ್ಣ ಎಲ್ಲಿ ಬೇಕೋ ಅಷ್ಟು ಜಾಗ ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯಬೇಕು. ಉಳಿದ ಜಾಗಕ್ಕೆ ನೀರಿನಲ್ಲಿ ಕಲಸಿದ ಬಣ್ಣ ಬಳಿದು, ಮೇಲೆ ಕಾಗದ ಹಾಸಿ, ಬೆನ್ನಿನಿಂದ ಉಜ್ಜಬೇಕು. ಒಂದೇ ಕಾಗದವನ್ನು ಹೀಗೆ ಅಚ್ಚಿನಿಂದ ಅಚ್ಚಿಗೆ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಎತ್ತಿ ಹಾಕುತ್ತ ಹೋಗಬೇಕು. ನಮ್ಮ ಪಟ್ಟಿಯಲ್ಲಿ ಈ ಚಿತ್ರದ ಮುಂದೆ ಏಳು ಅಚ್ಚು ಎಂದು ಬರೆದಿತ್ತು. ಆ ಪಟ್ಟಿ ಮಾಡಿದವಳೂ ಅಮ್ಮನೇ.

ಚಿತ್ರದಲ್ಲಿರುವುದು ಮಳೆ ಬೀಳುತ್ತಿರುವ ಒಂದು ರಸ್ತೆ. ಆಕಾಶದ ಬಣ್ಣ ಎಷ್ಟು ತೆಳುವೆಂದರೆ ಮರದ ಎಳೆಗಳೇ ಅದರಲ್ಲಿ ಮೂಡಿವೆ. ಕಲಾವಿದ ಮಳೆಯನ್ನು ಕೆತ್ತುವ ಗೋಜಿಗೇ ಹೋಗಿಲ್ಲ, ಹಲಗೆಯ ಎಳೆಗಳನ್ನೇ ಮಳೆ ಮಾಡಿಬಿಟ್ಟಿದ್ದಾನೆ. ಜಾಣ. ಅದರ ಕೆಳಗೆ ಒತ್ತೊತ್ತಾಗಿ ಕಪ್ಪು ಕೊಡೆಗಳು, ಮುಖ ಕಾಣದ ಜನ. ಎದುರಿಗೆ, ರಸ್ತೆಯ ಅಂಚಿನಲ್ಲಿ, ಕೆಂಪು ಕೋಟಿನ ಹುಡುಗಿ. ಎಂಟೊಂಬತ್ತು ವರ್ಷದವಳು. ಅಷ್ಟು ಜನರಲ್ಲಿ ಕೊಡೆಯಿಲ್ಲದವಳು ಅವಳೊಬ್ಬಳೇ. ಅವಳ ಎಡಗೈ ಮೈಯಿಂದ ಸ್ವಲ್ಪ ದೂರವಾಗಿ ಕೆಳಕ್ಕೆ ಚಾಚಿದೆ, ಬೆರಳುಗಳು ಅರ್ಧ ಮಡಿಸಿವೆ. ಕೆಳಗಿನ ಚೀಟಿಯಲ್ಲಿ "ಮಳೆಹನಿ ಹಿಡಿಯುತ್ತಿರುವ ಬಾಲಕಿ" ಎಂದು ಯಾವ ಪುಣ್ಯಾತ್ಮ ಬರೆದನೋ. ಮಳೆಹನಿ ಹಿಡಿಯುವವರು ಅಂಗೈಯನ್ನು ಮೇಲೆ ಮಾಡುತ್ತಾರೆ. ಈ ಹುಡುಗಿಯ ಅಂಗೈ ಹಿಂದಕ್ಕೆ ತಿರುಗಿದೆ.

ಆ ಚಿತ್ರ ಕಂಡರೆ ನನಗಾಗುತ್ತಿರಲಿಲ್ಲ. ಆ ಖಾನೆ ತೆರೆದಾಗಲೆಲ್ಲ ಕಣ್ಣು ತಾನಾಗಿ ಆ ಕೈಯ ಕೆಳಗಿನ ಜಾಗಕ್ಕೆ ಜಾರುತ್ತಿತ್ತು. ಅಲ್ಲಿ ಒದ್ದೆ ನೆಲ ಬಿಟ್ಟು ಬೇರೇನೂ ಇಲ್ಲ. ಆದರೂ ಯಾರೋ ಈಗ ತಾನೇ ಎದ್ದುಹೋದ ಕುರ್ಚಿಯ ಹಾಗೆ ಆ ಜಾಗ ಬೆಚ್ಚಗಿದೆ ಅನಿಸುತ್ತಿತ್ತು. ನಾನು ಬೇಗ ಖಾನೆ ಮುಚ್ಚಿ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ನನಗೊಬ್ಬಳು ತಂಗಿಯಿದ್ದಳು. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದೆವು. ಅವಳಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ಅಪ್ಪ ಆಗಲೇ ತೀರಿಕೊಂಡಿದ್ದರು, ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಶಾಲೆ ಬಿಟ್ಟಮೇಲೆ ಗುಬ್ಬಿಯ ಕೈಹಿಡಿದು ಅಮ್ಮನ ಹತ್ತಿರ ಕರೆತರುವುದು ನನ್ನ ಕೆಲಸ. ಒಂದು ಸಂಜೆ, ಮಳೆಯಲ್ಲಿ, ಸಂಗ್ರಹಾಲಯದ ಎದುರಿನ ರಸ್ತೆಯ ಅಂಚಿನಲ್ಲಿ ನಿಂತಾಗ ನಾನು ಚೀಲದ ಪಟ್ಟಿ ಸರಿಮಾಡಿಕೊಳ್ಳಲು ಅವಳ ಕೈ ಬಿಟ್ಟೆ. ಅವಳು ರಸ್ತೆಗೆ ಓಡಿದಳು. ಲಾರಿ ಬಂತು. ಪೊಲೀಸರಿಗೂ ಹಾಗೇ ಹೇಳಿದೆ, ಪಟ್ಟಿ ಸರಿಮಾಡಿಕೊಳ್ಳೋಕೆ ಕೈ ಬಿಟ್ಟೆ ಅಂತ. ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಏನೂ ಅನ್ನಲಿಲ್ಲ.

ಅವತ್ತಿನಿಂದ ಮೂವತ್ತೈದು ವರ್ಷ ಅಮ್ಮ ಆ ದಿನದ ಬಗ್ಗೆ ತುಟಿ ಎರಡು ಮಾಡಿಲ್ಲ. ಗುಬ್ಬಿ ಅನ್ನುವ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಒಂದು ಸಲ ಕೂದಲು ಹಿಡಿದು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲವಲ್ಲ, ಅದೇ ನನ್ನನ್ನು ಒಳಗೊಳಗೇ ತಿಂದುಹಾಕಿತು. ಅಮ್ಮ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ತಿಳಿಯದೆ ಅವಳ ಜೊತೆ ಒಂದೇ ಮನೆಯಲ್ಲಿ ಉಂಡೆ, ಮಲಗಿದೆ, ಅವಳ ಕೆಲಸವನ್ನೇ ಕಲಿತೆ. ಮದುವೆಯಾಗಲಿಲ್ಲ. ಮಕ್ಕಳಿರುವ ಮನೆಗೆ ಹೋದರೆ ಯಾವ ಮಗುವಿನ ಕೈಯನ್ನೂ ಹಿಡಿಯಲಿಲ್ಲ. ಕೇಳಿಬಿಡೋಣ ಎಂದು ಸಾವಿರ ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ "ಹಾಲು ಕಾಯಿಸ್ಲಾ?" ಅಂತಲೋ "ಮಾತ್ರೆ ತಗೊಂಡ್ಯಾ?" ಅಂತಲೋ ಕೇಳಿ ಬಾಯಿ ಮುಚ್ಚಿಕೊಂಡಿದ್ದೇನೆ.

ಈ ವರ್ಷ ಮಳೆಯ ಚಿತ್ರಗಳದ್ದೇ ಒಂದು ಪ್ರದರ್ಶನ ಮಾಡೋಣ ಎಂದು ನಮ್ಮ ಮುಖ್ಯಸ್ಥರಿಗೆ ಹೊಳೆಯಿತು. ಅವರಿಗೆ ವರ್ಷಕ್ಕೊಂದು ಹೊಳೆಯುತ್ತದೆ, ಕೆಲಸ ಮಾತ್ರ ನಮಗೆ. ಕೆಂಪು ಕೋಟಿನ ಹುಡುಗಿಯೂ ಗೋಡೆಗೇರಬೇಕು, ಅದರ ಸ್ಥಿತಿಗತಿಯ ವರದಿ ಶುಕ್ರವಾರದೊಳಗೆ ಕೊಡಬೇಕು ಎಂದರು. ಸೋಮವಾರ ಬೆಳಿಗ್ಗೆ ಅವರೇ ಮೆಟ್ಟಿಲಿಳಿದು ನನ್ನ ಕೋಣೆಗೆ ಬಂದಾಗ ಏನೋ ಆಗಿದೆ ಅಂದುಕೊಂಡೆ. ಅವರು ನೆಲಮಾಳಿಗೆಗೆ ಇಳಿಯುವವರಲ್ಲ.

"ನೋಡಿ, ನೋಡಿ! ನಮ್ಮ ಅದೃಷ್ಟ ಖುಲಾಯಿಸ್ತು!" ಎಂದು ಒಂದು ಫೋಟೊವನ್ನು ಮೇಜಿನ ಮೇಲಿಟ್ಟರು.

ಬೇರೆ ದೇಶದ ಒಬ್ಬ ಮಹಿಳೆ ಆ ಕಲಾವಿದನ ಚಿತ್ರಗಳು ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡುತ್ತಿದ್ದಾರಂತೆ. ನಮ್ಮಲ್ಲಿರುವುದರ ವಿವರ ಓದಿ ಅವರಿಗೆ ಅನುಮಾನ ಬಂದಿದೆ. ತಾವು ಕಂಡ ಪ್ರತಿಯಲ್ಲಿ ಎಂಟು ಅಚ್ಚುಗಳಿವೆ, ನಿಮ್ಮಲ್ಲಿ ಏಳು ಹೇಗೆ ಎಂದು ಕೇಳಿ ಫೋಟೊ ಕಳಿಸಿದ್ದಾರೆ.

ಅದೇ ರಸ್ತೆ, ಅದೇ ಕೊಡೆಗಳು, ಅದೇ ಕೆಂಪು ಕೋಟು. ಆದರೆ ಚಾಚಿದ ಕೈ ಖಾಲಿಯಿರಲಿಲ್ಲ. ತೆಳ್ಳನೆಯ ಬೂದು ಬಣ್ಣದಲ್ಲಿ ಒಂದು ಪುಟ್ಟ ಮಗು ಆ ಬೆರಳುಗಳನ್ನು ಹಿಡಿದು ನಿಂತಿತ್ತು. ತಲೆಗೆ ಮಳೆಯ ಟೋಪಿ, ನಮಗೆ ಬೆನ್ನು. ಮುಖ ಕಾಣುವುದಿಲ್ಲ. ಒಂದು ಕಾಲು ಆಗಲೇ ರಸ್ತೆಗಿಳಿದಿದೆ.

ಮೇಜಿನ ಅಂಚು ಹಿಡಿದುಕೊಂಡೆ.

"ಅಂದ್ರೆ ನಮ್ಮದು ಎಂಟನೇ ಅಚ್ಚು ಕೆತ್ತೋಕೂ ಮುಂಚಿಂದು!" ಮುಖ್ಯಸ್ಥರ ಧ್ವನಿ ಎಲ್ಲಿಂದಲೋ ಕೇಳಿದಂತಿತ್ತು. "ಮೊದಲ ಪ್ರತಿ. ಬಹುಶಃ ಇರೋದೇ ಇದೊಂದು. ವರದಿಲಿ ಅದನ್ನ ಸ್ವಲ್ಪ ಒತ್ತಿ ಬರೀರಿ."

"ನೋಡಿ ಹೇಳ್ತೀನಿ ಸರ್," ಎಂದೆ.

"ನೋಡೋಕೇನಿದೆ? ಕಣ್ಣಿಗೆ ಹೊಡೆದ ಹಾಗಿದೆ."

ಅವರು ಹೋದಮೇಲೆ ಬೀಗದಣ್ಣನಿಂದ ಚಿತ್ರ ತರಿಸಿಕೊಂಡೆ. ಅವನು ಅದನ್ನು ಮೇಜಿನ ಮೇಲಿಟ್ಟು ನನ್ನ ಕೈ ನೋಡಿ ನಕ್ಕ. ನಡೆಯುವಾಗ, ನಿಂತಾಗ ನನ್ನ ಎಡಗೈ ಅರ್ಧ ತೆರೆದೇ ಇರುತ್ತದೆ, ಅದು ಸಂಗ್ರಹಾಲಯದಲ್ಲಿ ಹಳೆಯ ತಮಾಷೆ. "ಏನಮ್ಮ, ನೀವೂ ಮಳೆ ಹಿಡೀತಿದೀರಾ?" ಅಂದ. ನಾನು ನಗಲಿಲ್ಲ. ಅವನು ಮೆಲ್ಲಗೆ ಬಾಗಿಲೆಳೆದುಕೊಂಡು ಹೋದ.

ಕೋಣೆಯ ದೀಪಗಳನ್ನೆಲ್ಲ ಆರಿಸಿದೆ. ಮೇಲಿನ ಗವಾಕ್ಷಿಗೆ ಪರದೆ ಎಳೆದೆ. ಒಂದೇ ಒಂದು ದೀಪವನ್ನು ಮೇಜಿನ ಮೇಲೆ ಕಾಗದದ ಮಟ್ಟಕ್ಕೆ ಮಲಗಿಸಿ ಹೊತ್ತಿಸಿದೆ. ಬೆಳಕು ಹೀಗೆ ಅಡ್ಡವಾಗಿ ಹಾದರೆ ನುಣ್ಣಗೆ ಕಾಣುವ ಕಾಗದವೂ ಉತ್ತ ಹೊಲದಂತೆ ಕಾಣುತ್ತದೆ. ಒಂದೊಂದು ಅಚ್ಚು ಒತ್ತಿದ ಕಡೆಯೂ ಕಾಗದ ಒಂದಿಷ್ಟು ತಗ್ಗಾಗಿರುತ್ತದೆ, ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಕೊಡೆಗಳ ಅಂಚು ಕಂಡಿತು. ಕೋಟಿನ ಅಂಚು ಕಂಡಿತು. ನಾನು ದೀಪವನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದೆ.

ಒದ್ದೆ ನೆಲದಿಂದ ಮಗು ಎದ್ದು ನಿಂತಿತು. ಬಣ್ಣವಿಲ್ಲ, ಬರೀ ತಗ್ಗು. ಟೋಪಿಯ ದುಂಡು, ಸಣ್ಣ ಭುಜ, ಮೇಲಕ್ಕೆತ್ತಿದ ತೋಳು, ಹುಡುಗಿಯ ಬೆರಳುಗಳೊಳಗೆ ಸೇರಿದ ಪುಟ್ಟ ಮುಷ್ಟಿ. ದೀಪ ಅಲುಗಿದರೆ ಅದೂ ಅಲುಗುತ್ತಿತ್ತು. ಇಷ್ಟು ವರ್ಷ ಅದು ಅಲ್ಲೇ ಇತ್ತು. ಪ್ರತಿ ಸಲ ನಾನು ಖಾನೆ ಮುಚ್ಚಿದಾಗಲೂ ಅದು ಅಲ್ಲೇ ನಿಂತು ನನ್ನನ್ನು ನೋಡದೆ ಬೆನ್ನು ತೋರಿಸಿಕೊಂಡಿತ್ತು. ನನಗೆ ಹೆದರಿಕೆಯಾಯಿತು. ನಲವತ್ನಾಲ್ಕು ವರ್ಷದ ಹೆಂಗಸು, ಹಾಡುಹಗಲಲ್ಲಿ, ಒಂದು ತಗ್ಗಿಗೆ ಹೆದರಿ ಎದ್ದು ಎಲ್ಲ ದೀಪಗಳನ್ನೂ ಹಾಕಿದೆ.

ಎಲ್ಲ ದೀಪಗಳ ಬೆಳಕಿನಲ್ಲಿ ಮಗು ಮಾಯವಾಯಿತು. ಮುಖ್ಯಸ್ಥರ ಅದೃಷ್ಟವೂ ಅಲ್ಲಿಗೆ ಮುಗಿಯಿತು. ಎಂಟನೇ ಅಚ್ಚನ್ನು ಈ ಕಾಗದಕ್ಕೂ ಒತ್ತಿದ್ದರು, ಆಮೇಲೆ ಯಾರೋ ಅದರ ಬಣ್ಣ ತೆಗೆದಿದ್ದರು. ಭೂತಗನ್ನಡಿ ಹಿಡಿದು ಆ ಜಾಗವನ್ನು ಅಂಗುಲ ಅಂಗುಲ ನೋಡಿದೆ. ಕಾಗದದ ಎಳೆಗಳ ನಡುವೆ ಬೂದು ಬಣ್ಣದ ಕಣಗಳು ಇನ್ನೂ ಅಲ್ಲಲ್ಲಿ ಸಿಕ್ಕಿಕೊಂಡಿದ್ದವು. ಒದ್ದೆ ಕುಂಚದಿಂದ ಹೊರಗಿನಿಂದ ಒಳಕ್ಕೆ, ಹೊರಗಿನಿಂದ ಒಳಕ್ಕೆ ಎಳೆದು, ನೀರಿನ ಗೆರೆ ನಿಲ್ಲದಂತೆ ಪ್ರತಿ ಸಲವೂ ಹೀರಿಸಿ ತೆಗೆದಿದ್ದರು. ತಿಳಿಗೇಡಿ ಮಾಡಿದ ಕೆಲಸವಲ್ಲ. ಬೈಯಲು ಬಾಯಿಯೇ ಬರಲಿಲ್ಲ. ಆ ಕೈ ನನಗೆ ಗೊತ್ತಿತ್ತು, ನಾನು ಕಲಿತದ್ದು ಅದೇ ಕೈಯಿಂದ.

ಬೀಗದಣ್ಣನನ್ನು ಕರೆದು ಆ ಚಿತ್ರದ ಹಳೆಯ ಕಡತ ಕೇಳಿದೆ. ಮಧ್ಯಾಹ್ನದ ಹೊತ್ತಿಗೆ ಧೂಳು ಒರೆಸಿ ತಂದುಕೊಟ್ಟ. ಒಳಗೆ ಅಮ್ಮನ ದುಂಡಕ್ಷರದ ವರದಿ: "ಹಿಂದಿನ ರಟ್ಟು ಬದಲಿಸಲಾಗಿದೆ. ಎಡಭಾಗದ ಕೆಳಗೆ ಬೂದು ಬಣ್ಣದ ತೇವದ ಕಲೆ. ತೆಗೆಯಲಾಗಿದೆ." ಕೆಳಗೆ ತಾರೀಖು. ಗುಬ್ಬಿ ಹೋಗಿ ಮೂರು ತಿಂಗಳಿಗೆ ಸರಿಯಾಗಿ.

ಅಮ್ಮನಿಗೂ ಕಣ್ತಪ್ಪಿರಬಹುದು, ಕಲೆಯೆಂದೇ ತಿಳಿದಿರಬಹುದು ಎಂದು ಮನಸ್ಸು ಒಂದು ಕುಂಟುನೆಪ ಹುಡುಕಿತು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಕೆಲಸದಲ್ಲಿ ಕಾಗದಕ್ಕೆ ನೀರು ಮುಟ್ಟಿಸುವ ಮೊದಲು ಚಿತ್ರದ ಒಂದೊಂದು ಬಣ್ಣಕ್ಕೂ ಒಂದೊಂದು ಹನಿ ಹಾಕಿ ಬ್ಲಾಟಿಂಗ್ ಪೇಪರಿನ ಚೂರು ಒತ್ತಿ ನೋಡುತ್ತೇವೆ. ಬಣ್ಣ ಚೂರಿಗೆ ಹತ್ತಿದರೆ ಆ ಜಾಗಕ್ಕೆ ನೀರು ಸೋಕಿಸುವಂತಿಲ್ಲ. ಆ ಚೂರುಗಳನ್ನು ಕಡತದಲ್ಲೇ ಇಡಬೇಕು, ಇದು ಅಮ್ಮ ಮಾಡಿದ ನಿಯಮ. ವರದಿಯ ಹಿಂದಿನ ಲಕೋಟೆಯಲ್ಲಿ ಚೂರುಗಳಿದ್ದವು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಆ ಬಣ್ಣದ ಗುರುತು: ಆಕಾಶ, ಕೊಡೆ, ಕೋಟು, ನೆಲ, ಗೋಡೆ, ಮುಖ, ಕೂದಲು. ಏಳೂ ಬೆಳ್ಳಗಿದ್ದವು. ಎಂಟನೆಯ ಚೂರಿನಲ್ಲಿ ಉಗುರಿನಗಲದ ಬೂದು ಬಣ್ಣ. ಅದರ ಮೇಲೆ "ಮಗು" ಎಂದು ಬರೆದಿತ್ತು.

ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆದಿದ್ದಳು.

"ಬೀಗದಣ್ಣ, ಆಗ ನೀನಿದ್ಯಾ?" ಎಂದು ಕೇಳಿದೆ.

"ಇದ್ದೆನಲ್ಲ. ಕೆಲಸಕ್ಕೆ ಸೇರಿದ ಹೊಸದು. ನೀವು ಇಷ್ಟೇ ಇದ್ರಿ." ಮೇಜಿನ ಎತ್ತರಕ್ಕೆ ಕೈ ತೋರಿಸಿದ. "ದಿನಾ ಸಂಜೆ ಬಂದು ಆ ಮೂಲೆ ಸ್ಟೂಲ್ ಮೇಲೆ ಕೂತ್ಕೊಂಡು ಇದೇ ಚಿತ್ರ ನೋಡ್ತಿದ್ರಿ. ಏನೋ ಗೊಣಗ್ತಿದ್ರಿ."

"ಏನಂತ?"

"ನನಗೇನ್ ಗೊತ್ತು? ಪಾಪ ಮಗು, ಮಾತಾಡ್ಕೊಳ್ಲಿ ಅಂತ ಸುಮ್ನಿರ್ತಿದ್ದೆ. ನಿಮ್ಮಮ್ಮನ್ನೇ ಕೇಳಿ."

ನನಗೆ ಇದೊಂದೂ ನೆನಪಿರಲಿಲ್ಲ. ಆದರೆ ಅರ್ಥವಾಯಿತು ಅನಿಸಿತು. ಕೆಂಪು ಕೋಟಿನ ಹುಡುಗಿ ತಂಗಿಯ ಕೈಯನ್ನು ಭದ್ರವಾಗಿ ಹಿಡಿದುಕೊಂಡಿದ್ದಳು. ನಾನು ಹಿಡಿದುಕೊಂಡಿರಲಿಲ್ಲ. ಆ ಒಳ್ಳೆಯ ಅಕ್ಕನನ್ನು ದಿನವೂ ಕಣ್ಣೆದುರು ಇಟ್ಟುಕೊಂಡು ಕೆಲಸ ಮಾಡಲು ಅಮ್ಮನಿಗೆ ಆಗಲಿಲ್ಲ. ಅವಳ ಕೈಯನ್ನೂ ನನ್ನ ಕೈಯಂತೆ ಖಾಲಿ ಮಾಡಿದಳು. ಬಾಯಲ್ಲಿ ಹೇಳದ್ದನ್ನು ಕುಂಚದಲ್ಲಿ ಹೇಳಿದ್ದಳು. ಮೂವತ್ತೈದು ವರ್ಷ ನಾನು ಕಾದ ಉತ್ತರ ಮೂರನೇ ಕಪಾಟಿನಲ್ಲೇ ಇತ್ತು, ಇಲ್ಲ, ಕ್ಷಮಿಸಿಲ್ಲ ಎಂದು.

ಮನೆಗೆ ಹೋದಾಗ ಐದು ಗಂಟೆ. ಅಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದಳು. ಎಪ್ಪತ್ನಾಲ್ಕಾದರೂ ಅವಳ ಬೆರಳುಗಳಿಗೆ ವಯಸ್ಸಾಗಿಲ್ಲ. ನಾನು ಚಪ್ಪಲಿ ಸಮೇತ ಒಳಗೆ ಹೋಗಿ ಎದುರಿಗೆ ನಿಂತೆ.

"ಅಮ್ಮ, ಆ ಕೆಂಪು ಕೋಟಿನ ಹುಡುಗಿ ಚಿತ್ರ..."

ಅವಳ ಬೆರಳು ನಿಂತಿತು. ಯಾವ ಚಿತ್ರ ಎಂದು ಕೇಳಲಿಲ್ಲ.

"ಅಡ್ಡ ಬೆಳಕಲ್ಲಿ ನೋಡಿದ್ಯಾ?" ಅಂದಳು.

"ನೋಡ್ದೆ."

"ಬಣ್ಣ ಹೋಗತ್ತೆ, ಒತ್ತಿದ ಗುರುತು ಹೋಗಲ್ಲ. ಯಾವತ್ತಾದ್ರೂ ನೀನೇ ಕಂಡುಹಿಡೀತೀಯ ಅಂತ ಗೊತ್ತಿತ್ತು." ಪಾಠ ಹೇಳುವವಳ ದನಿ. ನನಗೆ ಮೈಯೆಲ್ಲ ಉರಿಯಿತು.

"ಗೊತ್ತಿದ್ದೂ ತೆಗೆದ್ಯಲ್ಲ! ಕಲೆ ಅಂತ ಸುಳ್ಳು ಬೇರೆ ಬರೆದಿದೀಯ. ನನ್ನ ಮೇಲಿನ ಸಿಟ್ಟಿಗಲ್ವಾ? ಅವಳು ಕೈ ಹಿಡಿದಿದ್ಲು, ನಾನು ಬಿಟ್ಟೆ. ಅದನ್ನ ನೋಡೋಕಾಗ್ಲಿಲ್ಲ ನಿನಗೆ. ಹಾಗಂತ ನೇರವಾಗಿ ಹೇಳ್ಬಹುದಿತ್ತಲ್ಲ, 'ನೀನೇ ಕೊಂದೆ' ಅಂತ!"

ಹೇಳಿಬಿಟ್ಟಿದ್ದೆ. ಬಾಯಿಂದ ಬಿದ್ದ ಮಾತು ನಮ್ಮಿಬ್ಬರ ನಡುವೆ ಇತ್ತು, ಇಬ್ಬರೂ ಅದನ್ನು ನೋಡುತ್ತಿದ್ದೆವು.

ಅಮ್ಮ ಗಾಬರಿಯಿಂದ ತಲೆಯೆತ್ತಿದಳು. "ಹಾಗಂದ್ಕೊಂಡಿದೀಯಾ?" ಎಂದು ಮೆಲ್ಲಗೆ ಕೇಳಿದಳು. "ಇಷ್ಟು ವರ್ಷ?"

"ಮತ್ತಿನ್ನೇನು ಅಂದ್ಕೊಳ್ಳಲಿ?"

"ನೀನು ದಿನಾ ಬಂದು ಆ ಸ್ಟೂಲ್ ಮೇಲೆ ಕೂತು ಆ ಹುಡುಗಿ ಜೊತೆ ಮಾತಾಡ್ತ ಇದ್ದೆ. 'ಬಿಡಬೇಡ. ಬಿಡಬೇಡ. ಬಿಡಬೇಡ.' ಅದೊಂದೇ ಮಾತು. ನಾನು ಕೆಲಸ ಮಾಡ್ತಿದ್ರೆ ಬೆನ್ನ ಹಿಂದೆ ಕೇಳಿಸ್ತಾನೇ ಇರ್ತಿತ್ತು. ಮನೇಲೂ ಕೇಳಿಸ್ತಿತ್ತು. ನೀನು ನಿದ್ದೆ ಮಾಡಿದ್ರೂ ಕೇಳಿಸ್ತಿತ್ತು. ನನಗೆ ತಲೆ ಕೆಟ್ಟುಹೋಯ್ತು ಕಣೇ. ಮಗೂನೇ ಇಲ್ಲದ ಹಾಗೆ ಮಾಡಿದ್ರೆ ನೀನು ಸುಮ್ನಾಗ್ತೀಯ ಅಂತ ತೆಗೆದೆ. ಒಂದು ಇಡೀ ದಿನ ಹಿಡೀತು."

"ಸುಮ್ಮನಾದೆನಾ?"

"ಆದೆ. ಮಾರನೇ ದಿನ ಬಂದೆ, ಕೂತೆ, ಎಷ್ಟೋ ಹೊತ್ತು ನೋಡಿದೆ. ಆಮೇಲೆ ನನ್ನ ಸೆರಗು ಜಗ್ಗಿ ಕೇಳಿದೆ, 'ಅಮ್ಮ, ಇವಳೂ ಬಿಟ್ಬಿಟ್ಳಾ?' ಅಂತ."

ಅಮ್ಮ ಅಳುವುದನ್ನು ನಾನು ಕಂಡವಳಲ್ಲ, ಅವತ್ತೂ ಅಳಲಿಲ್ಲ. ಒಂದು ಬಟಾಣಿಯನ್ನು ಎತ್ತಿಕೊಂಡು ಸುಲಿಯದೆ ಹಿಡಿದುಕೊಂಡಳು.

"ನೀನು ಬಿಡ್ಲಿಲ್ಲ," ಅಂದಳು. "ನಾನೇ ಕರೆದೆ."

ನನಗೆ ಅರ್ಥವಾಗಲಿಲ್ಲ.

"ಮಳೆ ಜೋರಾಗಿತ್ತು. ನೀವಿಬ್ರೂ ನೆನೀತೀರಲ್ಲ ಅಂತ ಕೊಡೆ ತಗೊಂಡು ಗೇಟಿನ ಹತ್ರ ಬಂದೆ. ನೀವು ರಸ್ತೆ ಆ ಕಡೆ ನಿಂತಿದ್ರಿ. ನೀನು ಗಾಡಿ ಬರ್ತಿದ್ಯಾ ಅಂತ ನೋಡ್ತಿದ್ದೆ, ನಾನು ಕಲಿಸಿದ ಹಾಗೇ. ಸುಮ್ನೆ ನಿಂತಿದ್ರೆ ಆಗಿತ್ತು ನಾನು. ಕೊಡೆ ಎತ್ತಿ ಕೂಗ್ದೆ. ಅವಳು ಕೈ ಕಿತ್ಕೊಂಡು ಓಡಿ ಬಂದ್ಲು. ನನ್ನ ಹತ್ರ ಬರ್ತಾ ಇದ್ಲು ಅವಳು."

"ಚೀಲದ ಪಟ್ಟಿ..."

"ಪಟ್ಟಿ ನೀನು ಸರಿಮಾಡ್ಕೊಂಡಿದ್ದು ಆಮೇಲೆ. ಎಲ್ಲಾ ಆದ್ಮೇಲೆ. ಜನ ಸೇರಿದ್ರು, ನೀನು ಅಲ್ಲೇ ಅಂಚಿನಲ್ಲಿ ನಿಂತು ಪಟ್ಟಿ ಎಳೀತಾನೇ ಇದ್ದೆ, ಎಳೀತಾನೇ ಇದ್ದೆ. ನಾನು ಬಂದು ಕೈ ಹಿಡಿದು ನಿಲ್ಲಿಸ್ಬೇಕಾಯ್ತು."

"ಪೊಲೀಸರ ಮುಂದೆ ನಾನು ಹಾಗೆ ಹೇಳೋವಾಗ ನೀನು ಪಕ್ಕದಲ್ಲೇ ಇದ್ಯಲ್ಲಮ್ಮ."

"ಇದ್ದೆ."

"ಒಂದು ಮಾತು ಹೇಳ್ಬಹುದಿತ್ತಲ್ಲ!"

"ನಾಳೆ ಹೇಳೋಣ ಅಂದ್ಕೊಂಡೆ. ನಾಳೆ, ನಾಡಿದ್ದು. ಅಷ್ಟರಲ್ಲಿ ನೀನು ಅದನ್ನೇ ನಂಬಿಬಿಟ್ಟಿದ್ದೆ. ನನಗೂ..." ಅಮ್ಮ ನನ್ನ ಮುಖವನ್ನೇ ನೋಡುತ್ತ ಹೇಳಿದಳು, ಅಷ್ಟರಮಟ್ಟಿಗೆ ಅವಳು ಧೈರ್ಯದವಳು. "ನನಗೂ ಅದು ಅನುಕೂಲ ಆಯ್ತು."

ನಾನು ಬಟಾಣಿಯ ಪಾತ್ರೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಕಾಳು ಅಡುಗೆಮನೆಯ ತುಂಬ ಚೆಲ್ಲಾಡಿತು. ಅಮ್ಮ ಕದಲಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಸಂಗ್ರಹಾಲಯದಲ್ಲಿ ಮೂರು ಜನ ತಿಳಿಗೇಡಿಗಳಿಗೆ ಹಂಚಿ ಬೈಯುವಷ್ಟನ್ನು ಅವಳೊಬ್ಬಳಿಗೇ ಬೈದೆ. ನನ್ನ ಜೀವನ ತಿಂದುಬಿಟ್ಟೆ ಎಂದೆ. ನಾನು ಒಂದು ಮಗುವನ್ನು ಎತ್ತಿಕೊಳ್ಳಲಿಲ್ಲ, ಒಂದು ಮಗುವನ್ನು ಹೆರಲಿಲ್ಲ ಎಂದೆ. ಅವಳು ಎಲ್ಲದಕ್ಕೂ ಹೂಂ ಅಂದಳು. ಕೊನೆಗೆ ನನಗೆ ಮಾತು ಮುಗಿದು ಉಸಿರು ಮಾತ್ರ ಉಳಿಯಿತು.

"ವರದಿಲಿ ನನ್ನ ಹೆಸರು ಹಾಕಿ ಬರಿ," ಅಂದಳು ಅಮ್ಮ. "ಕಲೆ ಅಲ್ಲ, ಮಗು ಅಂತ ಬರಿ. ಬೇಕು ಅಂತಾನೇ ತೆಗೆದಿದ್ದು ಅಂತ ಬರಿ."

ಶುಕ್ರವಾರ ನಾನು ಬರೆದದ್ದು ಹಾಗೆಯೇ. ಮುಖ್ಯಸ್ಥರ ಮುಖ ಸಪ್ಪಗಾಯಿತು, ಅಮ್ಮನ ಹೆಸರು ಹಾಕಿದ್ದಕ್ಕೆ ಬೀಗದಣ್ಣ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅದಿರಲಿ. ಆ ಸಂಜೆ ನನಗೆ ವರದಿ ಬೇಕಿರಲಿಲ್ಲ.

"ಹೇಗೆ ಕೂಗಿದೆ?" ಎಂದು ಕೇಳಿದೆ.

"ಏನು?"

"ಅವತ್ತು. ಅವಳನ್ನ ಹೇಗೆ ಕೂಗಿದೆ? ಕೂಗು."

"ಬೇಡ ಕಣೇ."

"ಇಷ್ಟು ವರ್ಷ ನಾನು ಹೊತ್ತಿದೀನಿ. ಒಂದು ಸಲ ನನ್ನೆದುರಿಗೆ ಕೂಗು."

ಅಮ್ಮ ಮಡಿಲಿನ ಸಿಪ್ಪೆ ಕೊಡವಿ, ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. ಹೊರಗೆ ನಮ್ಮ ಬೀದಿ, ಎದುರುಮನೆಯ ಗೇಟು. ಅವಳ ಬೆನ್ನು ನನ್ನ ಕಡೆಗಿತ್ತು. ಎರಡು ಸಲ ಗಂಟಲು ಸರಿಮಾಡಿಕೊಂಡಳು. ಆಗುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ಆ ಮುದಿ ಮೈಯೊಳಗಿಂದ ಮೂವತ್ತೊಂಬತ್ತರ ಒಬ್ಬ ಹೆಂಗಸು ಕೂಗಿದಳು.

"ಗುಬ್ಬೀ! ಇಲ್ಲಿದೀನಿ ನೋಡು! ಬಾ!"

ಆ ಕೂಗಿನಲ್ಲಿ ಎಷ್ಟು ಸಂತೋಷವಿತ್ತೆಂದರೆ ತಡೆದುಕೊಳ್ಳಲಾಗಲಿಲ್ಲ. ದಿನವಿಡೀ ಕೆಲಸ ಮಾಡಿ ಮಕ್ಕಳ ಮುಖ ಕಂಡ ತಾಯಿಯ ಬರೀ ಸಂತೋಷ. ಅದು ಕಿವಿಗೆ ಬಿದ್ದದ್ದೇ ನನ್ನ ಎಡಗೈ ಮುಷ್ಟಿ ಕಟ್ಟಿತು. ಒದ್ದೆ ಬೆರಳುಗಳು ಅದರೊಳಗೆ ತಿರುಚಿಕೊಂಡವು, ಎಳೆದವು, ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಿಗಿಹಿಡಿದೆ, ಅವು ಜಾರಿದವು. ಗುಬ್ಬಿ ನಗುತ್ತಿದ್ದಳು. ಅದೂ ನೆನಪಾಯಿತು. ಇಷ್ಟು ವರ್ಷ ನಾನು ಅತ್ತದ್ದೆಲ್ಲ ನನ್ನ ತಪ್ಪಿಗೆ, ನನ್ನ ತಂಗಿಗಾಗಿ ಒಂದು ದಿನವೂ ಅತ್ತಿರಲಿಲ್ಲ. ಚೆಲ್ಲಿದ ಕಾಳುಗಳ ನಡುವೆ ನೆಲದ ಮೇಲೆ ಕೂತು ಅವಳಿಗಾಗಿ ಅತ್ತೆ.

ಅಮ್ಮ ಹತ್ತಿರ ಬರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು, ಕೂಗಿದ ಮೇಲೆ ಕಾಯಬೇಕಲ್ಲ, ಹಾಗೆ ಬೀದಿಯನ್ನೇ ನೋಡುತ್ತ ನಿಂತಿದ್ದಳು.